ತಾನಾಗಿ ನೇರವಾಗುವ ಚಕ್ರ

ಲೀಲಾಧರ ಚಾ ಕೊಡುವುದು ಅರ್ಧ ಗ್ಲಾಸು ಮಾತ್ರ. ಈಚಿನ ಏಳೆಂಟು ತಿಂಗಳಿಂದ ಹಾಗೆ.

"ಇಷ್ಟು ಕಂಜೂಸ್ ಆಗಬೇಡ ಮಾರಾಯ," ಎಂದು ಮೊಯ್ದೀನ್ ಎಡಗೈಯಲ್ಲಿ ಗ್ಲಾಸು ತೆಗೆದುಕೊಂಡ. ಬಲಗೈ ಪ್ಯಾಂಟಿನ ಕಿಸೆಯಲ್ಲಿತ್ತು.

"ಮೊದಲು ಅದನ್ನು ಮುಗಿಸು. ಇನ್ನರ್ಧ ಆಮೇಲೆ ಕೊಡ್ತೇನೆ."

ಕಾಪುವಿನಲ್ಲಿ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ರಸ್ತೆಯ ಪಕ್ಕ ಲೀಲಾಧರನ ಶೆಡ್ಡು. ದೋಣಿಯ ಇಂಜಿನ್ ರಿಪೇರಿ, ವೆಲ್ಡಿಂಗ್ ಎರಡೂ ಅಲ್ಲಿ ನಡೆಯುತ್ತವೆ. ಕಳೆದ ವರ್ಷದಿಂದ ಆ ದೋಣಿಗಳ ನಡುವೆ ಒಂದು ಹಳೆಯ ಅಮೆರಿಕನ್ ಕಾರಿನ ಚಾಸಿಸ್, ಬರೀ ಅಡಿಯ ಉಕ್ಕಿನ ಚೌಕಟ್ಟು, ಮರದ ದಿಮ್ಮಿಗಳ ಮೇಲೆ ಕೂತಿತ್ತು. ಕಾರ್ಕಳದ ಒಂದು ಮಿಲ್ಲಿನ ಹಿಂದೆ ಬಳ್ಳಿ ಹಬ್ಬಿ ಬಿದ್ದಿದ್ದ ಅದನ್ನು ಮೊಯ್ದೀನ್ ಟೆಂಪೋದಲ್ಲಿ ಹೇರಿಸಿ ತಂದಿದ್ದ. ಸೌದಿಯ ದಮ್ಮಾಮಿನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಅವನು ಇಂಥ ಕಾರುಗಳನ್ನು ಬೇರೆಯವರಿಗಾಗಿ ಕಟ್ಟಿದ್ದ. ಹಳೆಯ ಎಲುಬು, ತಗ್ಗಿದ ಮೂತಿ, ಹಿಂದೆ ಎತ್ತರದ ಟಯರು. ಹಾಟ್ ರಾಡ್ ಎನ್ನುತ್ತಿದ್ದರು. ಒಂದನ್ನು ತನಗಾಗಿ ಕಟ್ಟಬೇಕು, ತಾನೇ ಓಡಿಸಬೇಕು ಎಂಬುದೊಂದು ಆಸೆ ಉಳಿದುಬಿಟ್ಟಿತ್ತು.

ಊರಿಗೆ ಬಂದ ಮೇಲೆ ಬಲಗೈ ನಡುಗತೊಡಗಿತು. ಮಣಿಪಾಲದ ಡಾಕ್ಟರು ಕಾಯಿಲೆಯ ಹೆಸರು ಹೇಳಿ, "ಸದ್ಯ ಓಡಿಸಬಹುದು. ಎಷ್ಟು ವರ್ಷ ಅಂತ ಹೇಳಲಿಕ್ಕೆ ಆಗುವುದಿಲ್ಲ" ಎಂದಿದ್ದರು. ಈ ವಿಷಯ ಗೊತ್ತಿದ್ದದ್ದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡುವ ಹೆಂಡತಿ ಆಸಿಯಮ್ಮನಿಗೆ ಮಾತ್ರ. ಲೀಲಾಧರನಿಗೆ ತಿಳಿದರೆ ಅವನು ವೆಲ್ಡಿಂಗ್ ಗನ್ ಕೆಳಗಿಟ್ಟು, ಇನ್ನು ಈ ಕಾರು ಯಾರಿಗೆ ಎಂದುಬಿಟ್ಟರೆ? ಮೊಯ್ದೀನ್ ಕಿಸೆಯಿಂದ ಕೈ ತೆಗೆಯುತ್ತಿರಲಿಲ್ಲ.

ಮುಂದಿನ ಆಕ್ಸಲನ್ನು ಬೆಳ್ಮಣ್ಣಿನ ಸ್ಟ್ಯಾನಿಸ್ಲಾಸ್ ತನ್ನ ಲೇತಿನಲ್ಲಿ ಹೇಳಿದ ಅಳತೆಗೆ ಸರಿಯಾಗಿ ಮಾಡಿಕೊಟ್ಟಿದ್ದ. ಅದನ್ನು ಹಿಡಿದುಕೊಳ್ಳುವ ಎರಡು ರಾಡುಗಳ ಬ್ರಾಕೆಟ್ ಚಾಸಿಸಿಗೆ ಕೂರಬೇಕಿತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವ ಹಾಗೆ ಆಕ್ಸಲ್ ಕೂಡ ಐದು ಡಿಗ್ರಿ ಹಿಂದಕ್ಕೆ ವಾಲಬೇಕು. ಆಗ ತಿರುಗಿಸಿ ಕೈಬಿಟ್ಟ ಚಕ್ರ ಓಡುತ್ತ ಓಡುತ್ತ ತಾನಾಗಿ ನೇರವಾಗುತ್ತದೆ.

ಕಳೆದ ಸೋಮವಾರ ಲೀಲಾಧರ ದೋಣಿ ಕಟ್ಟುವವರ ಕ್ರಮದಂತೆ ಮೊದಲು ರಸಮಟ್ಟ ಇಟ್ಟು ಚಾಸಿಸನ್ನು ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲದೆ ಮಟ್ಟ ಮಾಡಿದ. ಮೂತಿಯಿಂದ ಬಾಲದವರೆಗೆ ನೂಲು ಕಟ್ಟಿದ. ಆಮೇಲೆ ವಾಲು ಅಳೆಯುವ ಡಿಗ್ರಿ ಗೇಜನ್ನು ಚಾಚಿ, "ನೀನು ಕಾರಿನವ. ಒಮ್ಮೆ ಇಟ್ಟು ನೋಡಿ ಹೇಳು" ಎಂದಿದ್ದ.

ಗೇಜ್ ಹಿಡಿಯಲು ಅಲುಗದ ಕೈ ಬೇಕು. ಮೊಯ್ದೀನ್ ದೂರದಿಂದಲೇ, "ಸರಿ ಉಂಟು, ಹೊಡಿ" ಎಂದ.

ಲೀಲಾಧರ ಹೊಡೆದ. ಅವನ ವೆಲ್ಡಿಂಗ್ ಉಪ್ಪುನೀರಿಗೂ ಜಗ್ಗುವಂಥದ್ದಲ್ಲ.

ಇವತ್ತು ಚಾ ಮುಗಿಸಿ ನಾಲ್ಕು ಚಕ್ರ ಹಾಕಿದರು. ದಿಮ್ಮಿ ತೆಗೆದು ಚಾಸಿಸನ್ನು ನೆಲಕ್ಕಿಳಿಸಿದರು. ಎತ್ತರದ ಹಿಂದಿನ ಟಯರಿನಿಂದ ಮೂತಿ ಚೆಂದಕ್ಕೆ ತಗ್ಗಿತು. ಲೀಲಾಧರ ಅಂಗಳದಲ್ಲಿ ಹಿಂದಿನಿಂದ ತಳ್ಳಿದ. ಮೊಯ್ದೀನ್ ಎಡಗೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಬಿಟ್ಟ. ಚಕ್ರ ತಿರುಗಿದಲ್ಲೇ ಉಳಿಯಿತು. ಚಾಸಿಸ್ ಬಾವಿಕಟ್ಟೆಯ ಕಡೆಗೇ ಹೋಯಿತು.

"ಇಂಜಿನ್ ಕೂತ ಮೇಲೆ ಸರಿ ಆಗ್ತದೆ, ಅಲ್ವಾ?" ಲೀಲಾಧರ ಏದುಸಿರು ಬಿಡುತ್ತ ಕೇಳಿದ.

ಆಗುವುದಿಲ್ಲ. ಇಂಜಿನ್ ಕೂತರೆ ಮೂತಿ ಇನ್ನೂ ತಗ್ಗುತ್ತದೆ. ಮೂತಿ ತಗ್ಗಿದಷ್ಟೂ ಆಕ್ಸಲಿನ ವಾಲು ಕಡಿಮೆಯಾಗುತ್ತದೆ. ಐದರಲ್ಲಿ ಈಗಲೇ ಎರಡು ಉಳಿದಿದ್ದರೆ ಹೆಚ್ಚು. ದಮ್ಮಾಮಿನಲ್ಲಿ ಅವನು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಿದ್ದ ಪಾಠ ಅದು: ಗೇಜನ್ನು ಮೊದಲು ಮೂತಿ ತಗ್ಗಿಸಿದ ಚಾಸಿಸಿನ ಮೇಲೆ ಇಡು, ಆಮೇಲೆ ಆಕ್ಸಲಿನ ಮೇಲೆ. ದೋಣಿಯವನಿಗೆ ಮಟ್ಟವೇ ಸತ್ಯ. ಲೀಲಾಧರನಿಗೆ ಇದು ಗೊತ್ತಿರಬೇಕಾಗಿರಲಿಲ್ಲ.

ಹೌದು, ಸರಿಯಾಗುತ್ತದೆ ಎಂದುಬಿಡಬಹುದಿತ್ತು. ಆದರೆ ಆ ಸ್ಟಿಯರಿಂಗನ್ನು ಕ್ಷಣವೂ ಬಿಡದೆ ಬಿಗಿಯಾಗಿ ಹಿಡಿದಿರಬೇಕಾದ ಕೈ ಕಿಸೆಯಲ್ಲಿ ಹಕ್ಕಿಯ ಮರಿಯ ಹಾಗೆ ಪಟಪಟಿಸುತ್ತಿತ್ತು.

ಯಾರದೋ ದೋಣಿಯ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಲೀಲಾಧರ," ಎಂದ ಮೊಯ್ದೀನ್. "ನಿನ್ನ ವೆಲ್ಡಿಂಗ್ ಕತ್ತರಿಸಬೇಕು."

"ಎಂತ?"

"ಮಟ್ಟದ ಮೇಲೆ ಐದು ಡಿಗ್ರಿ ಇಟ್ಟದ್ದು ತಪ್ಪು. ಮೂತಿ ತಗ್ಗಿಸಿಕೊಂಡು ಇಡಬೇಕಿತ್ತು. ತಪ್ಪು ನಿನ್ನದಲ್ಲ. ನಾನು ಗೇಜ್ ಮುಟ್ಟಲೇ ಇಲ್ಲ." ಅವನು ಬಲಗೈಯನ್ನು ಕಿಸೆಯಿಂದ ತೆಗೆದು ಮುಂದೆ ಹಿಡಿದ. "ಇದರಿಂದ."

ಲೀಲಾಧರ ಕೈಯನ್ನು ನೋಡಿದ. ಅವನ ಮುಖದಲ್ಲಿ ಮೊಯ್ದೀನ್ ಹೆದರಿದ್ದ ಯಾವುದೂ ಕಾಣಲಿಲ್ಲ.

"ತುಂಬಿಸಿ ಕೊಟ್ಟರೆ ಚೆಲ್ಲಿಕೊಳ್ತೀ," ಎಂದ. "ಬಿಸಿ ಚಾ. ಒಮ್ಮೆ ಈ ಕೈಯಿಂದ ಕಾಲ ಮೇಲೆ ಬಿದ್ದಿತ್ತು. ನೀನು ಏನೂ ಆಗದವನ ಹಾಗೆ ಕೂತಿದ್ದಿ. ಅವತ್ತಿನಿಂದ ಅರ್ಧ."

ಮೊಯ್ದೀನ್ ಬದಿಗಿಟ್ಟಿದ್ದ ಖಾಲಿ ಗ್ಲಾಸಿನ ಕಡೆ ನೋಡಿದ.

"ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಗೇಜ್ ವಿಷಯ ಹೇಳಬೇಕಿತ್ತು ಬ್ಯಾರಿ. ಎರಡು ದಿನದ ಕೆಲಸ ನೀರಿಗೆ ಹೋಯ್ತು." ಬೈಯುತ್ತಲೇ ಅವನು ಗ್ರೈಂಡರಿನ ವಯರು ಎಳೆದ. ಆ ವೆಲ್ಡಿಂಗ್ ಕತ್ತರಿಸಲು ಅವನಿಗೇ ಒಂದು ಗಂಟೆ ಹಿಡಿಯಿತು.

ಈ ಸಲ ಚಾಸಿಸನ್ನು ಮೂತಿ ತಗ್ಗಿಸಿಯೇ ದಿಮ್ಮಿಗಳ ಮೇಲೆ ಕೂರಿಸಿದರು. ಲೀಲಾಧರ ಗೇಜ್ ಹಿಡಿದ. ಮೊಯ್ದೀನ್ ಬಗ್ಗಿ ಮುಳ್ಳು ಓದಿದ.

"ಐದಾ?"

"ಏಳು ಇಡುವ. ಸ್ಟಿಯರಿಂಗ್ ಸ್ವಲ್ಪ ಭಾರ ಆಗ್ತದೆ. ಆದರೆ ಕೈ ನಡುಗಿದ್ದಕ್ಕೆಲ್ಲ ಕಾರು ಅತ್ತಿತ್ತ ಹೋಗುವುದಿಲ್ಲ."

ಲೀಲಾಧರ ಬ್ರಾಕೆಟ್ ತಾತ್ಕಾಲಿಕವಾಗಿ ನಿಲ್ಲುವಷ್ಟು ಎರಡೇ ಎರಡು ಟ್ಯಾಕ್ ಹೊಡೆದ. "ನೋಡಿ ಒಪ್ಪಿದ ಮೇಲೆ ಪೂರ್ತಿ."

ಮತ್ತೆ ಇಳಿಸಿ ತಳ್ಳಿದರು. ಮೊಯ್ದೀನ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಬಿಟ್ಟ. ಮುಂದಿನ ಚಕ್ರಗಳು ಒಂದು ಮಾರು ದೂರ ಓರೆಯಾಗಿ ಉರುಳಿದವು. ಆಮೇಲೆ ಮೆಲ್ಲಗೆ, ಯಾರೂ ಮುಟ್ಟದೆ, ನೇರವಾದವು.

ಲೀಲಾಧರ ಕೈ ಒರೆಸಿಕೊಂಡು ಚಾ ಬಗ್ಗಿಸಿದ. ಅರ್ಧ ಗ್ಲಾಸು. ಮೊಯ್ದೀನ್ ಅದನ್ನು ಕುಡಿದು ಮುಗಿಸಿ, ಇನ್ನರ್ಧಕ್ಕೆ ಬಲಗೈಯಲ್ಲೇ ಗ್ಲಾಸು ಮುಂದೆ ಹಿಡಿದ. ಲೀಲಾಧರ ಒಂದು ಕೈಯಿಂದ ಗ್ಲಾಸಿನ ಬುಡ ಹಿಡಿದುಕೊಂಡು ಚಾ ಹೊಯ್ದ.