ಒಂದೇ ಮಗ್ಗುಲಿನ ಹರಿತ

ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರು ಆರು ಮಂದಿ. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನಿಜವಾಗಿ ಅವಳು ದೊಡ್ಡಮ್ಮ ಆಗಬೇಕಾದದ್ದು ಒಬ್ಬಳಿಗೆ ಮಾತ್ರ, ಮೇಜಿನ ಕೊನೆಯಲ್ಲಿ ನಿಲ್ಲುವ ತಂಗಿಯ ಮಗಳಿಗೆ. ಆ ಮಗಳು ಎಡಗೈಯಲ್ಲಿ ಹೆಚ್ಚುತ್ತಿದ್ದುದರಿಂದ ಎಡಚಿ ಎಂದೇ ಹೆಸರಾಗಿತ್ತು. ಅವಳೂ ಅದಕ್ಕೆ ಓಗೊಡುತ್ತಿದ್ದಳು.

ಹೊಸ ಚಾಕು ಆರಿಸುವುದು ದೊಡ್ಡಮ್ಮನ ಕೆಲಸ. ಈ ಸಲ ಮೇಲ್ವಿಚಾರಕ ಮೂರು ಮಾದರಿ ತಂದಿಟ್ಟ. ಅವಳು ಅವಸರ ಮಾಡಲಿಲ್ಲ. ಹಿಡಿಯೂ ಅಲಗೂ ಕೂಡುವ ಕಡೆ ಒಂದೊಂದನ್ನೂ ತೋರುಬೆರಳ ಮೇಲೆ ಅಡ್ಡ ಇಟ್ಟು, ಎತ್ತ ವಾಲುತ್ತದೆ ಎಂದು ನೋಡಿದಳು. ಮೊದಲನೆಯದು ಫಳಫಳ ಹೊಳೆಯುತ್ತಿತ್ತು, ಆದರೆ ಅಲಗಿನ ಬಾಲ ಹಿಡಿಯೊಳಗೆ ಅರ್ಧಕ್ಕೇ ನಿಂತಿತ್ತು. "ನೋಡೋಕೆ ಮದುಮಗ, ಸೊಂಟದಲ್ಲಿ ಬಲ ಇಲ್ಲ," ಎಂದು ಬದಿಗಿಟ್ಟಳು. ಉಳಿದ ಎರಡರಲ್ಲಿ ಎಂಟು ದಿನ ಹೆಚ್ಚಿದಳು. ಹೊಸದರಲ್ಲಿ ಯಾವ ಚಾಕುವಾದರೂ ಟೊಮೆಟೊ ಕತ್ತರಿಸೀತು. ಎಂಟನೆಯ ದಿನವೂ ಒತ್ತದೆ ಸಿಪ್ಪೆಯೊಳಗೆ ಇಳಿಯಬೇಕು. ಮೊಂಡಾದರೆ ಸಾಣೆಕಲ್ಲಿನ ಮೇಲೆ ಹತ್ತು ಎಳೆತಕ್ಕೆ ಮತ್ತೆ ಹದಕ್ಕೆ ಬರಬೇಕು. ಹಾಗೆ ಗೆದ್ದದ್ದು ಮೂರನೆಯದು. ಅದರ ಬಾಯಿಯನ್ನು ಒಂದೇ ಮಗ್ಗುಲಿಂದ ಇಳಿಜಾರಾಗಿ ಮಸೆದಿದ್ದರು, ಇನ್ನೊಂದು ಮಗ್ಗುಲು ಹಲಗೆಯಂತೆ ಚಪ್ಪಟೆ. ಹೋಳು ಅಂಟಿಕೊಳ್ಳದೆ ಕಳಚಿ ಬೀಳುತ್ತಿತ್ತು.

ಉಳಿದವರು ಮುಟ್ಟಿ ನೋಡಲಿಲ್ಲ. ದೊಡ್ಡಮ್ಮ ನೋಡಿದ ಚಾಕುವನ್ನು ಇನ್ನೊಬ್ಬರು ನೋಡುವುದು ಆ ಅಡುಗೆಮನೆಯಲ್ಲಿ ಮರ್ಯಾದೆಯಾಗಿರಲಿಲ್ಲ. ಆರು ಚಾಕು ಬಂದವು, ಹಳೆಯವು ಉಗ್ರಾಣ ಸೇರಿದವು.

ಮೂರೇ ದಿನಕ್ಕೆ ಎಡಚಿಯ ಹೋಳುಗಳು ಎಲ್ಲರ ಕಣ್ಣಿಗೆ ಬಿದ್ದವು. ಮೇಲೆ ದಪ್ಪ, ಕೆಳಗೆ ತೆಳು. ಸೂಪಿನಲ್ಲಿ ಅರ್ಧ ಕರಗಿ, ಅರ್ಧ ಬೇಯದೆ ಉಳಿದು, ಹಲ್ಲಿಲ್ಲದ ರೋಗಿಗಳ ಬಟ್ಟಲಿಂದ ಹಾಗೇ ವಾಪಸು ಬಂದವು.

"ಏನೇ ಎಡಚಿ, ಕ್ಯಾರೆಟ್ ಹೆಚ್ತಿದೀಯೋ ಜಾರುಬಂಡೆ ಕಟ್ತಿದೀಯೋ?" ಎಂದಳು ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು. ಅವಳಿಗೆ ಬಾಯಿಬಡಕಿ ಎಂದು ಹೆಸರು.

"ನೀನು ಈರುಳ್ಳಿ ನೋಡ್ಕೊಂಡು ಅಳಮ್ಮ, ನನ್ನ ನೋಡಿ ನಗಬೇಡ."

ಮೇಲ್ವಿಚಾರಕ ನಗಲಿಲ್ಲ. "ಸೋಮವಾರದವರೆಗೆ ನೋಡ್ತೀನಿ. ಸರಿಹೋಗದಿದ್ರೆ ಪಾತ್ರೆ ತೊಳೆಯೋ ಕಡೆ ಹೋಗಮ್ಮ."

ಎಡಚಿ ಅಲ್ಲಿ ಎರಡು ವರ್ಷ ಇದ್ದು ಬಂದವಳು. ಸೋಪಿನ ನೀರಿಗೆ ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ಕೈಗೆ ಬಟ್ಟೆ ಸುತ್ತಿ ಮಲಗುತ್ತಿದ್ದಳು. ಮತ್ತೆ ಅಲ್ಲಿಗೆ ಕಳಿಸಿದರೆ ಕೆಲಸವನ್ನೇ ಬಿಡಬೇಕಾಗುತ್ತಿತ್ತು.

ದೊಡ್ಡಮ್ಮ ಮೊದಲು ಅವಳನ್ನೇ ಬೈದಳು. "ಮನಸ್ಸು ಎಲ್ಲಿಟ್ಟಿದೀಯೆ? ಐದು ಜನಕ್ಕೆ ಸರಿಹೋದ ಚಾಕು ನಿನಗೊಬ್ಬಳಿಗೆ ಸರಿಹೋಗಲ್ವಾ?" ಎಡಚಿ ಇನ್ನೊಂದು ಕ್ಯಾರೆಟ್ ಎತ್ತಿಕೊಂಡಳು.

ಶನಿವಾರ ಊಟದ ಗಲಾಟೆ ಮುಗಿದ ಮೇಲೆ ದೊಡ್ಡಮ್ಮ ಅವಳ ಹೋಳುಗಳನ್ನು ತಿರುವಿ ನೋಡಿದಳು. ಗಮನವಿಲ್ಲದೆ ಹೆಚ್ಚಿದ್ದಾದರೆ ಒಂದೊಂದು ಒಂದೊಂದು ಥರ ಇರಬೇಕು. ಇವೆಲ್ಲ ಒಂದೇ ಕಡೆಗೆ, ಒಂದೇ ಅಳತೆಗೆ ಓರೆಯಾಗಿದ್ದವು. ಅವಳು ಎಡಚಿಯ ಚಾಕುವನ್ನು ತನ್ನ ಎಡಗೈಗೆ ತೆಗೆದುಕೊಂಡು ಒಂದು ಕ್ಯಾರೆಟ್ ನಿಧಾನವಾಗಿ ಹೆಚ್ಚಿದಳು. ಅಲಗು ಹೊರಕ್ಕೆ ಜಾರಿತು. ಎಡಗೈಗೆ ರೂಢಿಯಿಲ್ಲ, ಅದಕ್ಕೇ ಇರಬೇಕೆಂದು ಉಗ್ರಾಣದಿಂದ ಎರಡೂ ಮಗ್ಗುಲು ಮಸೆದಿದ್ದ ಹಳೆಯ ಚಾಕು ತಂದು ಅದೇ ಕೈಯಲ್ಲಿ ಹೆಚ್ಚಿದಳು. ಹೋಳು ಒರಟಾಗಿದ್ದರೂ ನೆಟ್ಟಗೆ ಬಂತು. ಮತ್ತೆ ಹೊಸದು, ಓರೆ. ಹಳೆಯದು, ನೆಟ್ಟಗೆ. ನಾಲ್ಕು ಸಲ ಹೀಗೆ ಮಾಡಿ ಎರಡನ್ನೂ ಕೆಳಗಿಟ್ಟಳು. ಬಲಗೈಯವರಿಗೆ ಹೋಳು ಕಳಚಿಕೊಡುವ ಇಳಿಜಾರು, ಎಡಗೈಯಲ್ಲಿ ತರಕಾರಿಯ ಕಡೆಗೆ ತಿರುಗಿ ಅಲಗನ್ನೇ ಹೊರಕ್ಕೆ ತಳ್ಳುತ್ತಿತ್ತು.

ಎಡಚಿಯನ್ನು ಕರೆದು ಕೇಳಿದಳು. "ನಿಂಗೆ ಗೊತ್ತಿತ್ತೇನೆ?"

"ಮೊದಲನೇ ದಿನವೇ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಆರಿಸಿದ್ದು ನೀವು, ದೊಡ್ಡಮ್ಮ. ಇಷ್ಟು ಜನದ ಮುಂದೆ ನಿಮ್ಮ ಚಾಕು ಸರಿಯಿಲ್ಲ ಅನ್ಲಾ?"

ಸೋಮವಾರ ಬೆಳಿಗ್ಗೆ ಎಲ್ಲರೂ ಮೇಜಿನ ಬಳಿ ಇದ್ದಾಗಲೇ ದೊಡ್ಡಮ್ಮ ಮೇಲ್ವಿಚಾರಕನಿಗೆ ಹೇಳಿದಳು. "ಸಾರ್, ಚಾಕು ಆರಿಸಿದ್ದು ನಾನು. ತಪ್ಪಿದ್ದೂ ನಾನೇ. ಎಡಗೈಗೆ ಕೊಟ್ಟು ನೋಡ್ಲಿಲ್ಲ."

"ಚಾಕೂಗೂ ಎಡ ಬಲ ಇರುತ್ತೇನಮ್ಮ?"

"ಚಪ್ಪಲಿಗೆ ಇಲ್ವಾ ಸಾರ್?" ಎಂದಳು ಬಾಯಿಬಡಕಿ.

ದೊಡ್ಡಮ್ಮ ಅವನ ಎಡಗೈಗೇ ಎರಡು ಚಾಕುಗಳನ್ನು ಒಂದಾದ ಮೇಲೊಂದು ಕೊಟ್ಟಳು. ಅವನು ಹೆಚ್ಚಿ, ಹೋಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. "ಸರಿ. ಆದ್ರೆ ಬೇರೆ ತರಿಸೋಕಾಗಲ್ಲ, ಹಳೇದು ಕೊಡೋಕೂ ಆಗಲ್ಲ. ಎಲ್ಲರಿಗೂ ಒಂದೇ ಥರದ್ದು ಅಂತ ನಿಯಮ."

"ತರಿಸ್ಬೇಡಿ. ಗೇಟಿನ ಹತ್ರ ಸಾಣೆ ಹಿಡಿಯೋನಿದಾನೆ. ಇನ್ನೊಂದು ಮಗ್ಗುಲೂ ಮಸೆಸ್ಕೊಂಡು ಬರ್ತೀನಿ."

ಸಾಣೆಯವನು ಅಲಗನ್ನು ಬೆಳಕಿಗೆ ಹಿಡಿದು, "ಒಳ್ಳೆ ಮಾಲು ಅಜ್ಜಿ. ಇಷ್ಟು ತೆಗೆದ್ರೆ ಆಯಸ್ಸು ಅರ್ಧ ಆಗುತ್ತೆ," ಎಂದ.

"ಆಗ್ಲಿ, ಮಸೆಯಪ್ಪ."

ಚಾಕುವಿನ ಚೆಂದ ಹೋಗಿತ್ತು. ಎಡಚಿ ಅದರಲ್ಲಿ ಒಂದು ಕ್ಯಾರೆಟ್ ಹೆಚ್ಚಿದಳು. ಮೇಲ್ವಿಚಾರಕ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ. ಹತ್ತಾದರೂ ವಾಲಲಿಲ್ಲ.

"ನಾನು ಎಲ್ಲಿಗೆ ಹೋಗ್ಲಿ ಸಾರ್?" ಎಂದಳು ಎಡಚಿ.

"ಎಲ್ಲಿಗೆ ಅಂದ್ರೆ? ಆಲೂಗಡ್ಡೆ ಮೂಟೆ ಇನ್ನೂ ಬಿಚ್ಚೇ ಇಲ್ಲ," ಎಂದು ಅವನು ಹೊರಟುಹೋದ.

ದೊಡ್ಡಮ್ಮ ಮೂಟೆ ಬಿಚ್ಚಿ ಅರ್ಧವನ್ನು ಎಡಚಿಯ ಮುಂದೆ ಸುರಿದಳು.