ಎರಡು ಗಂಟಿನ ದಾರ

ಮೂರು ವರ್ಷದ ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದ ಮೇಲೂ ಆ ವ್ಯಾನು ಅರ್ಧಂಬರ್ಧವಾಗಿಯೇ ನಿಂತಿತ್ತು. ಮೊದಲು ಬೇಕರಿಯೊಂದರ ಬ್ರೆಡ್ಡು ಸಾಗಿಸುತ್ತಿದ್ದ ಗಾಡಿ ಅದು. ಬಡಗಿ ಅದನ್ನು ಕೊಂಡು, ಒಳಗಿನ ಕಬ್ಬಿಣದ ತಟ್ಟೆಗಳನ್ನೆಲ್ಲ ಕಿತ್ತು, ಮಲಗಲು ಎರಡು ಹಲಗೆ ಮಂಚ, ಅಡುಗೆಗೆ ಒಂದು ಮೂಲೆ ಮಾಡಲು ಹೊರಟಿದ್ದ. ಸೂರಿಗೆ ಇನ್ನೂ ಹಲಗೆ ಬಿದ್ದಿರಲಿಲ್ಲ. ಶಾಖ ತಡೆಯಲು ಅಂಟಿಸಿದ್ದ ಬೆಳ್ಳಿ ಬಣ್ಣದ ಹಾಳೆ ಅಲ್ಲಲ್ಲಿ ಜೋತುಬಿದ್ದಿತ್ತು. ಪಾತ್ರೆ ತೊಳೆಯುವ ತೊಟ್ಟಿ ಇತ್ತು, ನಲ್ಲಿ ಇರಲಿಲ್ಲ. ಹಿಂದಿನ ಬಾಗಿಲಿಗೆ ಚಿಲಕದ ಬದಲು ಹಗ್ಗ. ಪೂರ್ತಿ ಮುಗಿದದ್ದೆಂದರೆ ಅಡುಗೆ ಮೂಲೆಯ ಬೀರು ಒಂದೇ. ಒಂದು ಮೊಳೆಯನ್ನೂ ಹೊಡೆಯದೆ, ಹಲಗೆಯ ಅಂಚುಗಳಲ್ಲಿ ಕೊರೆದ ಹಲ್ಲಿಗೆ ಹಲ್ಲು ಕೂರಿಸಿ ಮಾಡಿದ ಬೀರು. ಅದಕ್ಕೇ ನಾಲ್ಕು ತಿಂಗಳು ಹಿಡಿದಿತ್ತು.

"ಅಳಿಯಂದ್ರೇ, ಇದು ವ್ಯಾನಾ, ಇಲ್ಲ ಬೀರುಗೆ ಚಕ್ರ ಕಟ್ಟಿದ್ದೀರಾ?" ಎಂದು ಶನಿವಾರ ಕೆರೆಯ ಕಡೆಗೆ ಹೊರಡುವಾಗ ಅತ್ತೆ ಕೇಳಿದ್ದರು. "ನನ್ನ ಮಗಳನ್ನ ಕೂರಿಸ್ಕೊಂಡು ಹೋಗ್ತಿದ್ದೀರಿ, ದಾರೀಲಿ ಉದುರಿಸಿಬಿಟ್ಟೀರ."

ಅವನು ನಕ್ಕಿರಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ. ಬೀದಿಯ ತುದಿಯ ಲಾಂಡ್ರಿಯವನು ಬಟ್ಟೆ ಸಾಗಿಸಲು ವ್ಯಾನು ಬೇಕೆಂದು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದ. ಹೆಂಡತಿ ಅದಕ್ಕೆ ಬೇಡವೆಂದೂ ಹೇಳಿರಲಿಲ್ಲ, ಬೇಕೆಂದೂ ಹೇಳಿರಲಿಲ್ಲ. ಕೊನೆಗೆ ಕಳೆದ ವಾರ ಹೇಳಿದ್ದಳು: "ಒಂದಿನ ಅದ್ರಲ್ಲಿ ಮಲಗಿ ನೋಡ್ತೀನಿ ರೀ. ಆಮೇಲೆ ಸೋಮವಾರ ಅವನಿಗೆ ಹೂಂ ಅನ್ನೋದೋ ಊಹೂಂ ಅನ್ನೋದೋ ಹೇಳ್ತೀನಿ."

"ಆಯ್ತು," ಎಂದಿದ್ದ ಬಡಗಿ. ಏನು ನೋಡುತ್ತೀ, ಹೇಗಿದ್ದರೆ ಹೂಂ, ಹೇಗಿದ್ದರೆ ಊಹೂಂ ಎಂದು ಕೇಳಿರಲಿಲ್ಲ. ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಶನಿವಾರ ಬೆಳಗ್ಗೆ ಅವಳು ರಾತ್ರಿ ಪಾಳಿ ಮುಗಿಸಿ ಬಾಟಲಿ ಕಾರ್ಖಾನೆಯಿಂದ ನೇರ ವ್ಯಾನಿಗೇ ಬಂದು ಹತ್ತಿದಳು. ಬಿಳಿ ಬೆಳಕಿನ ಮುಂದೆ ಸಾಲಾಗಿ ಸಾಗಿಬರುವ ಬಾಟಲಿಗಳಲ್ಲಿ ಬಿರುಕು ಹುಡುಕುವುದು ಅವಳ ಕೆಲಸ. ಎಂಟು ಗಂಟೆ ನಿಂತೇ ಇರಬೇಕು. ಮುಂದಿನ ಸೀಟಿನಲ್ಲಿ ಕೂತವಳೇ ಕಣ್ಣು ಮುಚ್ಚಿದಳು. ದಾರಿಯುದ್ದಕ್ಕೂ ತಲೆ ಕಿಟಕಿಗೆ ಬಡಿಯುತ್ತಿತ್ತು. ಬಡಗಿಗೂ ಹಿಂದಿನ ದಿನ ಹದಿನಾಲ್ಕು ಕಿಟಕಿ ಚೌಕಟ್ಟು ಕೂರಿಸಿ ಭುಜ ಕಳಚಿಬಿದ್ದಂತಾಗಿತ್ತು. ಹಾಗೇ ಐವತ್ತು ಮೈಲಿ ಸಾಗಿತು.

ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸುವ ಬಯಲು. ಕಾವಲುಗಾರ ಹಿಂಬಾಗಿಲಿಂದ ಒಳಗೆ ಇಣುಕಿದ.

"ಏನ್ ಸ್ವಾಮಿ, ಇದಕ್ಕಿನ್ನೂ ಬಟ್ಟೆ ತೊಡಿಸಿಲ್ವಾ?"

"ಹೊಲೀತಾ ಇದ್ದೀನಿ," ಎಂದ ಬಡಗಿ.

"ಹೊಲಿದು ಮುಗಿಯೋಷ್ಟರಲ್ಲಿ ಹಳೇ ಫ್ಯಾಷನ್ ಆಗ್ಬಿಡುತ್ತೆ. ಆ ನಲ್ಲಿ ಪಕ್ಕ ನಿಲ್ಸಿ. ನಿಮ್ಮ ತೊಟ್ಟಿಗೆ ನಲ್ಲಿ ಇಲ್ಲ ನೋಡಿ, ಅನುಕೂಲ."

ಅವನು ನೀರು ಹಿಡಿದು ತಂದು, ಸ್ಟೌ ಹಚ್ಚಿ ಚಹಾಕ್ಕೆ ಇಟ್ಟ. ಅವಳು ಕೆರೆಯತ್ತ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಕಳಚಿ, ಬಲಗಡೆಯ ಮಂಚದ ಮುಂದೆ ನಿಂತಳು. ಎಡಗಡೆಯದು ಅವನದು, ಸೀಟಿನ ಬೆನ್ನಿನವರೆಗೂ ಆರಡಿ. ಬಲಗಡೆಯದು ಅವಳದು. ತಲೆಯ ಬಳಿ ಕನ್ನಡಕ ಇಡಲು ಅಂಗೈಯಗಲದ ಗೂಡು ಮಾಡಿದ್ದ. ಕಾಲ ಬಳಿ ಮಂಚ ಮುಗಿದು ಬೀರು ಶುರುವಾಗುತ್ತಿತ್ತು. ಆ ಗೂಡನ್ನು ಅವಳು ಬೆರಳಿನಿಂದ ಸವರಿದಳು. ಕನ್ನಡಕ ಇಟ್ಟಳು. ಮಲಗಿದಳು.

ಪಾದ ಹೋಗಿ ಬೀರುವಿಗೆ ಬಡಿಯಿತು. ಅವಳು ಮೇಲಕ್ಕೆ ಸರಿದಳು, ತಲೆ ಗೂಡಿಗೆ ತಾಗಿತು. ಮತ್ತೆ ಕೆಳಕ್ಕೆ ಸರಿದಳು. ಮೊಣಕಾಲು ತಾನಾಗಿ ಮೇಲೆದ್ದಿತು.

ಒಂದು ಕ್ಷಣ ಹಾಗೇ ಮಲಗಿದ್ದು, ಎದ್ದು ಕೂತಳು. ಕನ್ನಡಕ ಹಾಕಿಕೊಂಡಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಎಂದಳು, ಯಾರಿಗೋ ಹೇಳಿದಂತೆ. ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಚಹಾ ಉಕ್ಕಿ ಸ್ಟೌ ಆರಿತು. ಬಡಗಿಗೆ ಅದು ಕಾಣಲಿಲ್ಲ.

ಅವನ ಗುರು ಕಲಿಸಿದ ಮೊದಲ ಪಾಠವೇ, ಬಾಯಲ್ಲಿ ಹೇಳಿದ ಅಳತೆ ನಂಬಬೇಡ ಎಂಬುದು. ಬಾಗಿಲು ಆರೂವರೆ ಅಡಿ ಎಂದು ಗಿರಾಕಿ ಆಣೆ ಇಟ್ಟು ಹೇಳುತ್ತಾನೆ, ಹೋಗಿ ನೋಡಿದರೆ ಆರೇಕಾಲು. ಆದ್ದರಿಂದ ಮೂವತ್ತು ವರ್ಷದಲ್ಲಿ ಅವನು ಯಾರನ್ನೂ ಅಳತೆ ಕೇಳಿದವನಲ್ಲ, ತಾನೇ ಹೋಗಿ ತೆಗೆದುಕೊಂಡವನು. ಹೆಂಡತಿಯ ಮಂಚಕ್ಕೂ ಹಾಗೇ ಮಾಡಿದ್ದ. ಪಾಳಿ ಮುಗಿಸಿ ಬಂದು ಅವಳು ಹಗಲು ಹೊದ್ದು ಮಲಗಿದ್ದಾಗ, ಹೊದಿಕೆಯ ಮೇಲಿಂದಲೇ ದಾರ ಹಿಡಿದು, ನೆತ್ತಿಗೊಂದು ಹಿಮ್ಮಡಿಗೊಂದು ಗಂಟು ಹಾಕಿದ್ದ. ಒಂದು ಸಲ ಕೊಯ್ಯುವುದಕ್ಕೆ ಎರಡು ಸಲ ಅಳೆಯಬೇಕೆಂದು ಮರುವಾರ ಇನ್ನೊಮ್ಮೆ ಹಿಡಿದಿದ್ದ. ಗಂಟುಗಳು ಅದೇ ಜಾಗಕ್ಕೆ ಬಂದಿದ್ದವು. ನಾಲ್ಕು ಅಡಿ ಹತ್ತು ಇಂಚು. ಧಾರಾಳವಾಗಿರಲಿ ಎಂದು ನಾಲ್ಕು ಇಂಚು ಸೇರಿಸಿದ್ದ.

ತನ್ನ ಭುಜಕ್ಕಿಂತ ಎತ್ತರವಿರುವ ಹೆಂಡತಿ ನಾಲ್ಕು ಅಡಿ ಹತ್ತು ಇಂಚು ಹೇಗಾದಾಳು ಎಂದು ಅವನಿಗೆ ಹೊಳೆದಿರಲಿಲ್ಲ. ದಾರ ಹೇಳಿತ್ತು, ನಂಬಿದ್ದ.

ಅವನು ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಗಾಜಿನಾಚೆ ಕೆರೆಯ ಮೇಲೆ ಮಧ್ಯಾಹ್ನದ ಬಿಸಿಲು ಮಂಕಾಗಿ ಬಿದ್ದಿತ್ತು.

"ನೀನು ಮುದುಡಿಕೊಂಡು ಮಲಗ್ತೀಯ," ಎಂದ.

"ಹೂಂ."

"ಯಾವಾಗಿಂದ?"

ಅವಳು ತಿರುಗಿ ನೋಡಿದಳು. ಅವನು ಕೇಳಿದ್ದೇ ಅವಳಿಗೆ ಸೋಜಿಗವಾದಂತಿತ್ತು. "ನಿಮ್ಮ ಬೆನ್ನಿಗೆ ಪೆಟ್ಟು ಬಿದ್ದು, ಮಂಚದ ಮೇಲೆ ಹಲಗೆ ಹಾಕಿದ್ರಲ್ಲ, ಅವತ್ತಿಂದ. ನೀವು ನೀಟಾಗಿ ಮಲಗ್ಬೇಕು ಅಂದ್ರು ಡಾಕ್ಟ್ರು. ಹಲಗೆ ಅಂಚು ನನ್ನ ಕಾಲಿಗೆ ತಾಗ್ತಿತ್ತು. ಮಡಚಿಕೊಂಡೆ."

ಹನ್ನೊಂದು ವರ್ಷ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ನಾನಿಲ್ದಾಗಲೂ? ಹಗಲೊತ್ತು ಒಬ್ಬಳೇ ಇದ್ದಾಗಲೂ?"

"ನೀವಿಲ್ಲ ಅಂತ ಕಾಲಿಗೆ ಗೊತ್ತಾಗ್ಬೇಕಲ್ಲ," ಎಂದು ಸಣ್ಣಗೆ ನಕ್ಕಳು. "ನಂಗೆ ಕೆರೆನೂ ಬೇಡ, ಬೆಟ್ಟನೂ ಬೇಡ ರೀ. ವ್ಯಾನಲ್ಲಿ ಎರಡು ಮಂಚ ಅಂದ್ರಲ್ಲ. ನಂದೇ ಒಂದು ಅಂತ. ಒಂದ್ಸಲ ಕಾಲು ನೀಡಿ ಮಲಗೋಣ ಅಂತ ಬಂದೆ."

"ಹೇಳ್ಬೇಕಿತ್ತು."

"ಕೇಳ್ಬೇಕಿತ್ತು."

ಅವರ ಮನೆಯಲ್ಲಿ ಹೇಳದಿರುವುದೂ ಕೇಳದಿರುವುದೂ ಹೊಸದಲ್ಲ. ಅದರಲ್ಲಿ ಜಗಳವಿರುವುದಿಲ್ಲ, ಬರೀ ದಣಿವು. ಇಷ್ಟು ವರ್ಷ ಅದನ್ನು ಅವನು ಹೊಂದಾಣಿಕೆ ಎಂದುಕೊಂಡಿದ್ದ.

ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಕೇಳಿದ: "ನಿನ್ನ ಎತ್ತರ ಎಷ್ಟು?"

"ಐದು ಅಡಿ ಏಳು ಇಂಚು. ಕಾರ್ಖಾನೆ ಕಾರ್ಡಲ್ಲಿ ಬರೆದಿದ್ದಾರೆ. ಅಳೆದು ನೋಡ್ತೀರಾ?"

"ಬೇಡ. ನೀನು ಹೇಳಿದ್ಯಲ್ಲ."

ಹಿಂದೆ ಹೋಗಿ ಬೀರುವಿನ ಮುಂದೆ ಮಂಡಿಯೂರಿದ. ಕೆಳಖಾನೆಯ ತಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿದ. ಮಂಚದ ಕಡೆಯ ಹಲಗೆಯ ಮೇಲೆ, ಎರಡು ಪಾದ ತೂರುವಷ್ಟು, ಮೊಳದಗಲದ ಚೌಕ ಗೆರೆ ಎಳೆದ. ಗರಗಸ ಹಿಡಿದ ಕೈ ಒಂದು ಗಳಿಗೆ ಹಿಂಜರಿಯಿತು. ಆ ಹಲ್ಲುಗಳನ್ನು ಉಜ್ಜಿ ಉಜ್ಜಿ ಕೂರಿಸಿದ ಭಾನುವಾರಗಳೆಲ್ಲ ನೆನಪಾದವು.

"ಅಯ್ಯೋ, ಏನ್ ಮಾಡ್ತಿದ್ದೀರಿ?" ಅವಳು ಎದ್ದು ಬಂದಳು. "ಅದೊಂದೇ ಕಣ್ರೀ ಪೂರ್ತಿ ಆಗಿರೋದು!"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವನು ಬಡಗಿ ಆಗಿರ್ಲಿಲ್ಲ ಬಿಡು," ಎಂದು ಅವನು ಗರಗಸ ಊರಿದ.

ಕೊಯ್ಯಲು ಅರ್ಧ ಗಂಟೆ ಬೇಕಾಯಿತು. ಭುಜದ ನೋವಿಗೆ ಎರಡು ಸಲ ನಿಲ್ಲಿಸಿದ. ಮರಳು ಕಾಗದದಿಂದ ಅಂಚು ಉಜ್ಜಿ, ಬೆರಳಾಡಿಸಿ ಸಿಬಿರು ಇಲ್ಲವೆಂದು ನೋಡಿ, ಹೊಟ್ಟನ್ನು ಊದಿ, ಪಕ್ಕಕ್ಕೆ ಸರಿದ. ಅವಳು ಮಲಗಿದಳು. ಪಾದಗಳು ಬೀರುವಿನೊಳಗೆ ಹೋದವು. ಮೊಣಕಾಲು ಮೊದಲು ಮೇಲೆದ್ದಿತು, ಆಮೇಲೆ ಅನುಮಾನಿಸುತ್ತ ಇಳಿಯಿತು.

"ಸಾಕಾ?" ಎಂದು ಕೇಳಿದ.

ಅವಳು ಕಣ್ಣು ಮುಚ್ಚಿಯೇ ಹೇಳಿದಳು: "ಸೋಮವಾರ ಲಾಂಡ್ರಿಯವನು ಬಂದ್ರೆ, ಬೀರು ತೂತಾಗಿದೆ, ಕೊಡೋ ಹಾಗಿಲ್ಲ ಅನ್ನಿ." ಸ್ವಲ್ಪ ಬಿಟ್ಟು, "ಮನೇಲಿರೋ ಆ ಹಲಗೆಗೂ ಏನಾದ್ರೂ ಮಾಡಿ," ಎಂದಳು. ಮಾತಿನ ತುದಿ ನಿದ್ದೆಯಲ್ಲಿ ಕರಗಿತು.

ಬಡಗಿ ಹೊಸದಾಗಿ ಚಹಾಕ್ಕೆ ನೀರಿಟ್ಟ. ಲೋಟಕ್ಕೆಂದು ಬೀರುವಿನ ಬಾಗಿಲು ತೆಗೆದರೆ, ತಟ್ಟೆಗಳ ಪಕ್ಕದಲ್ಲಿ ಎರಡು ಪಾದ. ಹಿಮ್ಮಡಿ ಒಡೆದಿತ್ತು, ಬೆರಳುಗಳ ಮೇಲೆ ಕಾರ್ಖಾನೆಯ ಬೂಟು ಒತ್ತಿದ ಗುರುತು. ಈ ಪಾದಗಳನ್ನು ಹಗಲ ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ. ಲೋಟ ತೆಗೆದುಕೊಂಡು, ಗಾಳಿಯಾಡಲೆಂದು ಬಾಗಿಲನ್ನು ಅರ್ಧ ತೆರೆದೇ ಬಿಟ್ಟ.

ಸಂಜೆಯ ಹೊತ್ತಿಗೆ ಕಾವಲುಗಾರ ಪುಸ್ತಕ ಹಿಡಿದು ಬಂದ. ಮೆಟ್ಟಿಲ ಮೇಲೆ ಕೂತಿದ್ದ ಬಡಗಿ ತುಟಿಗೆ ಬೆರಳಿಟ್ಟ.

"ನಾಳೆ ಬೆಳಗ್ಗೆ ಹೊರಡ್ತೀರಾ, ಇರ್ತೀರಾ?" ಕಾವಲುಗಾರ ಪಿಸುಗುಟ್ಟಿದ. "ಬರ್ಕೋಬೇಕು."

"ಗೊತ್ತಿಲ್ಲ," ಎಂದ ಬಡಗಿ. "ಅವಳು ಏಳ್ಲಿ. ಕೇಳಿ ಹೇಳ್ತೀನಿ."