ಲಸಿಕೆ ಚೀಟಿಯ ಅಡಿಯಲ್ಲಿದ್ದ ನೋಟೀಸು

ಮಧ್ಯಾಹ್ನ ಮೂರು ಗಂಟೆಗೆ ಸೈಕಲ್ ರಿಪೇರಿಯವನು ಮಾಹಿತಿ ಕೇಂದ್ರಕ್ಕೆ ನುಗ್ಗಿದಾಗ ಅವನ ಅಂಗೈಯ ಗ್ರೀಸ್ ಇನ್ನೂ ಹಸಿಯಾಗಿತ್ತು. ಕೈ ತೊಳೆಯುವಷ್ಟೂ ವ್ಯವಧಾನವಿಲ್ಲದೆ ಓಡಿ ಬಂದಿದ್ದ.

"ಅಕ್ಕಾ, ನಮ್ಮನೆ ಗೋಡೆಗೆ ಕೆಂಪು ಗೀಟು ಹಾಕಿ ಹೋಗಿದಾರೆ. ರಸ್ತೆ ಅಗಲ ಮಾಡ್ತಾರಂತೆ, ನಾಳೆ ಬೆಳಿಗ್ಗೆನೇ ಒಡೀತಾರಂತೆ. ತಕರಾರು ಕೊಡೋಕೆ ನಿನ್ನೆಗೇ ಕೊನೆಯಂತೆ. ನೋಟೀಸು ನಿಮ್ಮ ಬೋರ್ಡಲ್ಲೇ ಇತ್ತಂತಲ್ಲ! ದಿನಾ ನೋಡ್ತಿದ್ನಲ್ಲಕ್ಕಾ, ಎಲ್ಲಿತ್ತು?"

ಕೇಂದ್ರದಾಕೆ ಥಟ್ಟನೆ ಬೋರ್ಡಿನತ್ತ ತಿರುಗಿದಳು. ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು, ಪಿಂಚಣಿ ಬರಲಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೆಲ್ಲ ದಾರಿ ತೋರಿಸಿದವಳು. ಆ ಬೀದಿಯವರಿಗೆ ಸರ್ಕಾರ ಎಂದರೆ ಅವಳೇ. ಸರ್ಕಾರ ಕೊಟ್ಟ ಬೋರ್ಡೋ, ಅಂಗೈಯಗಲ. ಹೊಸ ಕಾಗದ ಬಂದರೆ ಹಳೆಯದರ ಮೇಲೆಯೇ ಮೆತ್ತುವುದು ಅವಳ ರೂಢಿ. ಅದೂ ಯಾರೂ ಕಿತ್ತೊಯ್ಯದಿರಲೆಂದು ಮನೆಯಲ್ಲೇ ಕುದಿಸಿ ತಂದ ಮೈದಾ ಅಂಟಿನಿಂದ.

ಒದ್ದೆ ಬಟ್ಟೆ ಒತ್ತಿ, ಉಗುರಿನಿಂದ ಲಸಿಕೆ ಶಿಬಿರದ ಚೀಟಿಯನ್ನು ಎಬ್ಬಿಸಿದಳು. ಅಡಿಯಲ್ಲಿ ನೋಟೀಸು. ಅದರಲ್ಲಿ ಅವನ ಮನೆ ನಂಬರು. ಅಂಟಿಸಿದ ಮರುದಿನವೇ ಅವಳು ಅದನ್ನು ಮುಚ್ಚಿದ್ದಳು.

"ಮೂರು ಹೆಣ್ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಕ್ಕಾ?" ಎಂದು ಅವನು ಬೆಂಚಿನ ಮೇಲೆ ಕುಸಿದ.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನೋಟೀಸು ಹದಿನೈದು ದಿನ ಜನರ ಕಣ್ಣಿಗೆ ಬೀಳುವಂತಿರಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಹೊರಡಿಸಬೇಕು ಎಂಬ ನಿಯಮ ಅವಳಿಗೆ ಬಾಯಿಪಾಠ. ಆದರೆ ಮುಚ್ಚಿತ್ತು ಎಂದು ಯಾರಾದರೂ ಬರೆದುಕೊಡಬೇಕಲ್ಲ! ಚೀಟಿಯನ್ನು ಮತ್ತೆ ಒತ್ತಿಬಿಟ್ಟರೆ ನರಪಿಳ್ಳೆಗೂ ತಿಳಿಯುವುದಿಲ್ಲ. ಒಂದು ಕ್ಷಣ ಅವಳ ಕೈ ಅತ್ತ ಹೋಗಿದ್ದೂ ನಿಜ. ಆಮೇಲೆ ಬೋರ್ಡನ್ನೇ ಮೊಳೆಯಿಂದ ಕಿತ್ತು ಕಂಕುಳಲ್ಲಿ ಇರುಕಿಕೊಂಡಳು.

"ಏಳಣ್ಣ, ನಾಲ್ಕಕ್ಕೆ ಪುರಸಭೆ ಆಫೀಸು ಮುಚ್ಚುತ್ತೆ."

ಅವರು ತಲುಪಿದಾಗ ಸಾಹೇಬರು ಕನ್ನಡಕ ಪೆಟ್ಟಿಗೆಗೆ ಹಾಕಿ ಎದ್ದು ನಿಂತಿದ್ದರು. ಬೋರ್ಡು ನೋಡಿದರು, ನೋಟೀಸು ಮುಚ್ಚಿದ್ದು ತಾನೇ ಎಂದು ಅವಳು ಬರೆದುಕೊಟ್ಟದ್ದನ್ನು ಎರಡು ಸಲ ಓದಿದರು.

"ಸಹಿ ಹಾಕಿದ್ರೆ ನಾಳೆಯಿಂದ ನೀವು ಅಮಾನತು. ಗೊತ್ತಲ್ವಾ?"

"ಬೇಡಕ್ಕಾ," ರಿಪೇರಿಯವನು ಪೆನ್ನಿಗೆ ಕೈ ಅಡ್ಡ ಹಿಡಿದ. "ನನ್ನ ಸೂರು ಉಳಿಸೋಕೆ ನಿಮ್ಮ ಅನ್ನ ಕಳ್ಕೋಬೇಡಿ."

"ನೀವು ಸುಮ್ನಿರಿ. ತಪ್ಪು ನಿಮ್ದಾ, ನಂದಾ?" ಎಂದು ಗದರಿ ಸಹಿ ಹಾಕಿದಳು. ಅವಳಿಗೂ ಮನೆಯಿತ್ತು, ಅವಳ ಸಂಬಳ ನಂಬಿದ ಅಮ್ಮ ಇದ್ದಳು.

ಸಾಹೇಬರು ಒಡೆಯುವ ಆದೇಶದ ಮೇಲೆ ಅಡ್ಡಗೆರೆ ಎಳೆದು ಮುದ್ರೆ ಒತ್ತಿದರು. ಹೊಸ ನೋಟೀಸು, ಹೊಸದಾಗಿ ಹದಿನೈದು ದಿನ. ಅವಳು ಕೇಂದ್ರದ ಬೀಗದ ಕೈ ಮೇಜಿನ ಮೇಲಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಅವನು ಆದೇಶದ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾ, ತಕರಾರು ಹೇಗೆ ಬರೀಬೇಕು ಅಂತ ನಾಳೆ ನಾನು ಯಾರನ್ನ ಕೇಳ್ಲಿ?"

ಅವಳು ಆ ಮೆಟ್ಟಿಲ ಮೇಲೆಯೇ ಕೂತು, ಪೆನ್ನಿನ ಮುಚ್ಚಳ ತೆಗೆದಳು.

"ನಾಳೆ ಯಾಕೆ? ಹೇಳಿ, ಮನೆ ಕಟ್ಟಿ ಎಷ್ಟು ವರ್ಷ ಆಯ್ತು?"